ಟರ್ಬಿನಾಫಿನ್ ಶೇ. 1 ಕ್ರೀಮ್: ತೊಡೆಸಂದಿನ ಹುಳುಕಡ್ಡಿಗೆ ಒಳ್ಳೆಯದೇ, ಆದರೆ ಕಾಲ್ಬೆರಳನ್ನೂ ನೋಡಿ

ತೊಡೆಸಂದಿನ ಹುಳುಕಡ್ಡಿಗೆ ಹಚ್ಚುವ ಮುಲಾಮುಗಳಲ್ಲಿ ನಮ್ಮ ಮೊದಲ ಆಯ್ಕೆ ಇದೇ. ಇಂಥದೇ ಇನ್ನೊಂದು ಮುಲಾಮು ಕ್ಲೋಟ್ರಿಮಜೋಲ್ ಮುಖ್ಯವಾಗಿ ಈ ಸೋಂಕು ತರುವ ಶಿಲೀಂಧ್ರ (ಫಂಗಸ್) ಬೆಳೆಯದಂತೆ ತಡೆಯುತ್ತದೆ, ಟರ್ಬಿನಾಫಿನ್ ಅದನ್ನು ಕೊಲ್ಲುತ್ತದೆ. ಕ್ಲೋಟ್ರಿಮಜೋಲನ್ನು ದಿನಕ್ಕೆರಡು ಸಲ 2ರಿಂದ 4 ವಾರ ಹಚ್ಚಬೇಕಾದರೆ, ಟರ್ಬಿನಾಫಿನ್ ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಸಲದಂತೆ 1ರಿಂದ 2 ವಾರ ಸಾಕು.

ಹಚ್ಚುವ ಮುಂಚೆ ಕಲೆಯನ್ನು ಬೆಳಕಿನಲ್ಲಿ ನೋಡಿ. ನಡುವಿನ ಚರ್ಮ ತಿಳಿಯಾಗಿದ್ದು, ಅಂಚು ಮಾತ್ರ ಕೆಂಪಗೆ ಉಬ್ಬಿ ಹೊಟ್ಟೇಳುತ್ತಿರುತ್ತದೆ. ಶಿಲೀಂಧ್ರ ಚುರುಕಾಗಿರುವುದು ಆ ಅಂಚಿನಲ್ಲೇ. ಹಾಗಾಗಿ ಅಂಚಿನಾಚೆ ಸುಮಾರು 2 ಸೆಂ.ಮೀ. ದೂರದಿಂದ ಶುರುಮಾಡಿ ಒಳಕ್ಕೆ ಸವರಬೇಕು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗಿನ ಉದ್ದದ ಕ್ರೀಮ್, ಅಂದರೆ ಸುಮಾರು ಅರ್ಧ ಗ್ರಾಂ, ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಚರ್ಮ ಪೂರ್ತಿ ಒಣಗಿರಲಿ.

"ಹಚ್ಚಿದೆವು, ಮತ್ತೆ ಬಂತು" ಎನ್ನುವವರ ದೂರು ಸುಳ್ಳಲ್ಲ. ಆದರೆ ಎಷ್ಟೋ ಸಲ ತಪ್ಪು ಕ್ರೀಮಿನದಲ್ಲ. ನಾಲ್ಕು ದಿನಕ್ಕೆ ತುರಿಕೆ ನಿಂತ ಕೂಡಲೇ ಟ್ಯೂಬು ಮೂಲೆ ಸೇರುತ್ತದೆ. ಇನ್ನೊಂದು ಕಾರಣ ಕಾಲಲ್ಲಿರುತ್ತದೆ. ಈ ಸೋಂಕಿಗೆ ಸಾಮಾನ್ಯ ಕಾರಣವಾದ ಟ್ರೈಕೊಫೈಟಾನ್ ರೂಬ್ರಮ್ ಎಂಬ ಶಿಲೀಂಧ್ರ ಕಾಲ್ಬೆರಳ ಸಂದಿಯಲ್ಲೂ ಬೆಳೆಯುತ್ತದೆ. ಒಳಚಡ್ಡಿ ಹಾಕಿಕೊಳ್ಳುವಾಗ ಪಾದಕ್ಕೆ ತಾಗಿ ಮೇಲಕ್ಕೆ ಬರುತ್ತದೆ. ಬೆರಳ ಸಂದಿ ಬೆಳ್ಳಗೆ ಮೆತ್ತಗಾಗಿ ಸಿಪ್ಪೆ ಏಳುತ್ತಿದ್ದರೆ ಅಲ್ಲಿಗೂ ಇದೇ ಕ್ರೀಮ್ ಹಚ್ಚಿ, ಮೊದಲು ಸಾಕ್ಸ್, ಆಮೇಲೆ ಒಳಚಡ್ಡಿ ಹಾಕಿಕೊಳ್ಳಿ. ಪಾದಕ್ಕೂ ತೊಡೆಸಂದಿಗೂ ಬೇರೆ ಬೇರೆ ಟವೆಲ್ ಇರಲಿ. ಬೆವರು, ಬಿಗಿ ಬಟ್ಟೆ, ಬೊಜ್ಜು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದಲ್ಲಿ ಮರುಕಳಿಸುವುದು ಹೆಚ್ಚು.

ಟ್ಯೂಬಿನ ಮೇಲೆ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂದಿದ್ದರೆ ದಯವಿಟ್ಟು ನೀವಾಗಿಯೇ ಕೊಳ್ಳಬೇಡಿ. ಅವು ಸ್ಟೆರಾಯ್ಡ್. ಒಂದೇ ರಾತ್ರಿಯಲ್ಲಿ ತುರಿಕೆ ತಗ್ಗಬಹುದು, ಆದರೆ ಶಿಲೀಂಧ್ರ ಒಳಗೊಳಗೇ ಹರಡುತ್ತದೆ, ಉಂಗುರದ ಆಕಾರ ಅಳಿಸಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತೊಡೆಸಂದಿನ ತೆಳು ಚರ್ಮ ಬಿರಿದು ಬೀಳುವ ಗೆರೆಗಳು ಪೂರ್ತಿ ಮಾಸುವುದಿಲ್ಲ.

ಈ ಕ್ರೀಮಿಗೂ ಮಿತಿಯಿದೆ. ವೃಷಣದ ಚರ್ಮವೂ ಕೆಂಪಾಗಿ ಸುತ್ತ ಚಿಕ್ಕ ಗುಳ್ಳೆಗಳಿದ್ದರೆ ಅದು ಕ್ಯಾಂಡಿಡಾ ಎಂಬ ಯೀಸ್ಟ್ ಸೋಂಕು ಇರಬಹುದು. ಅದಕ್ಕೆ ಕ್ಲೋಟ್ರಿಮಜೋಲೇ ಮೇಲು. ಅಂಚು ಉಬ್ಬದ ಕಂದು ಮಚ್ಚೆಯಾದರೆ ಬ್ಯಾಕ್ಟೀರಿಯಾದಿಂದ ಬರುವ ಎರಿತ್ರಾಸ್ಮಾ ಎಂಬ ಸೋಂಕು ಇರಬಹುದು. ಟರ್ಬಿನಾಫಿನ್‌ಗೆ ಹಲವು ಸಲ ಬಗ್ಗದ ಟ್ರೈಕೊಫೈಟಾನ್ ಇಂಡೋಟೀನಿಯೇ ಎಂಬ ಶಿಲೀಂಧ್ರವೂ ಈಗ ಇದೆ. ಎರಡು ವಾರ ಸರಿಯಾಗಿ ಹಚ್ಚಿಯೂ ಅಂಚು ಹಿಂದೆ ಸರಿಯದಿದ್ದರೆ ಇನ್ನೊಂದು ಟ್ಯೂಬು ಕೊಳ್ಳುವ ಬದಲು ಚರ್ಮವೈದ್ಯರಲ್ಲಿ ಹೊಟ್ಟು ಕೆರೆದು ತೆಗೆಸಿ, ಅದರಲ್ಲಿ ಶಿಲೀಂಧ್ರ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಓಎಚ್ ಪರೀಕ್ಷೆ ಮಾಡಿಸಿ.