ಮಳೆಗಾಲದ ಮನೆಗೆ ಯಾವ ಡ್ರೈಯರ್? ಮೂರು ಬಗೆಗಳನ್ನು ಬಳಸಿ ನೋಡಿದ ಮೇಲೆ

ಹಲಸು ಹಣ್ಣಾಗುವ ಹೊತ್ತಿಗೇ ಮಳೆ ಹಿಡಿಯುವ ನಮ್ಮ ಶಿರಸಿ ಸೀಮೆಯಲ್ಲಿ, ಹಣ್ಣು, ತರಕಾರಿ ಒಣಗಿಸುವ ಕೆಲಸಕ್ಕೆ ಬಿಸಿಲನ್ನು ನಂಬಿ ಕೂರುವಂತಿಲ್ಲ. ಹಿಂದೆ ಒಲೆಯ ಮೇಲಿನ ಅಟ್ಟ ಈ ಕೊರತೆಯನ್ನು ನೀಗಿಸುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಅಟ್ಟಕ್ಕೆ ಕಾವೂ ಇಲ್ಲ, ಹೊಗೆಯೂ ಇಲ್ಲ. 2021ರ ಲಾಕ್‌ಡೌನಿನಲ್ಲಿ ಬಾಳೆಗೊನೆಗೆ ಬೆಲೆ ಸಿಗದೆ ಜಿಲ್ಲೆಯ ಅನೇಕ ಮನೆಗಳು ಬಾಕಾಹು, ಅಂದರೆ ಬಾಳೆಕಾಯಿ ಹಿಟ್ಟು, ಮಾಡಲು ತೊಡಗಿದಾಗ ನಾನೂ ಮೊದಲ ಡ್ರೈಯರ್ ತಂದೆ. ಅಲ್ಲಿಂದೀಚೆಗೆ ಮೂರು ಬಗೆಗಳನ್ನು ಬಳಸಿದ್ದೇನೆ: ಒಂದರ ಮೇಲೊಂದು ದುಂಡನೆಯ ಟ್ರೇಗಳನ್ನು ಜೋಡಿಸುವ, ಅಡಿಯಲ್ಲಿ ಫ್ಯಾನ್ ಇರುವ 250 ವಾಟ್‌ನ ಯಂತ್ರ; ಹಿಂಬದಿಯಲ್ಲಿ ಫ್ಯಾನ್ ಇದ್ದು ಆರು ಸ್ಟೀಲ್ ಟ್ರೇಗಳನ್ನು ಒಳಗೆ ಸರಿಸುವ 500 ವಾಟ್‌ನ ಪೆಟ್ಟಿಗೆ; ಮತ್ತು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ, ಪಾಲಿಕಾರ್ಬೊನೇಟ್ ಹಾಳೆ ಹೊದಿಸಿದ ಸೋಲಾರ್ ಡ್ರೈಯರ್.

ಹೋಲಿಕೆ ನ್ಯಾಯವಾಗಿರಲೆಂದು ಎರಡು ವಿದ್ಯುತ್ ಯಂತ್ರಗಳಲ್ಲೂ ಒಂದೇ ಪುಟ್ಟಬಾಳೆ ಗೊನೆಯ ಹಣ್ಣನ್ನು, ಸುಲಿದು ಉದ್ದಕ್ಕೆ ಎರಡಾಗಿ ಸೀಳಿ, 2 ಕೆಜಿಯಂತೆ ತೂಗಿ ಇಟ್ಟೆ. ಬಾಳೆಹಣ್ಣಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ, ಸುಕೇಳಿಯ, ಅಂದರೆ ಒಣಗಿಸಿದ ಬಾಳೆಹಣ್ಣಿನ, ಹದಕ್ಕೆ ಬರುವಾಗ ಅದು ಸುಮಾರು 600 ಗ್ರಾಂಗೆ ಇಳಿಯಬೇಕು. ಪೆಟ್ಟಿಗೆಯು ಈ ಕೆಲಸವನ್ನು 11 ಗಂಟೆಯಲ್ಲಿ ಮುಗಿಸಿತು, ಮೀಟರಿನಲ್ಲಿ 3.6 ಯೂನಿಟ್ ಓಡಿತ್ತು. ದುಂಡು ಯಂತ್ರಕ್ಕೆ 20 ಗಂಟೆಯೂ 4.4 ಯೂನಿಟ್ಟೂ ಬೇಕಾದವು. ಕಡಿಮೆ ವಾಟ್ ಎಂದರೆ ಕಡಿಮೆ ಬಿಲ್ ಎಂಬ ನನ್ನ ಎಣಿಕೆ ಅಲ್ಲಿಗೆ ತಪ್ಪಾಯಿತು.

ಕಾರಣವನ್ನು ಹುಡುಕಿ ಎರಡೂ ಯಂತ್ರಗಳ ಒಳಗೆ ಥರ್ಮಾಮೀಟರ್ ಇಟ್ಟು ನೋಡಿದೆ. ದುಂಡು ಯಂತ್ರದ ಅಡಿಯ ಟ್ರೇಯಲ್ಲಿ 66 ಡಿಗ್ರಿ, ಮೇಲಿನದರಲ್ಲಿ 49 ಡಿಗ್ರಿ. ಬಿಸಿಗಾಳಿಯು ಪ್ರತಿ ಟ್ರೇಯನ್ನೂ ದಾಟುತ್ತಾ ತಣ್ಣಗಾಗಿ, ಕೆಳಗಿನ ಹಣ್ಣಿನ ಪಸೆಯನ್ನು ಹೊತ್ತುಕೊಂಡೇ ಮೇಲಿನ ಹಣ್ಣಿಗೆ ತಾಗುತ್ತದೆ. ಮೂರು ಗಂಟೆಗೊಮ್ಮೆ ಟ್ರೇಗಳ ಸ್ಥಾನ ಬದಲಿಸಿದರೂ, ಅಡಿಯಲ್ಲಿ ಮೊದಲು ಕೂತ ಹೋಳುಗಳ ಮೇಲ್ಮೈ ಗಟ್ಟಿಯಾಗಿ ಒಳಗೆ ಹಸಿ ಉಳಿದಿತ್ತು. ಹೀಗೆ ಮೊದಲಿಗೇ ಹೆಚ್ಚು ಕಾವು ಕೊಟ್ಟರೆ ಹೊರಗಿನ ಪದರ ಬಿಗಿದು ಒಳಗಿನ ನೀರಿಗೆ ದಾರಿ ಮುಚ್ಚುತ್ತದೆ. ಅಂಥ ಹಣ್ಣು ನೋಡಲು ಒಣಗಿದಂತಿದ್ದು ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆಯಲ್ಲಾದರೋ ಗಾಳಿ ಎಲ್ಲ ಟ್ರೇಗಳ ಮೇಲೂ ಏಕಕಾಲಕ್ಕೆ ಅಡ್ಡಲಾಗಿ ಹರಿಯುವುದರಿಂದ, 60 ಡಿಗ್ರಿಗೆ ಇಟ್ಟಾಗ ಹಿಂಭಾಗದಲ್ಲಿ 60, ಮುಂಭಾಗದಲ್ಲಿ 56 ಮಾತ್ರ ಇತ್ತು. ನಡುವೆ ಒಮ್ಮೆ ಟ್ರೇಗಳ ಹಿಂದು ಮುಂದು ತಿರುಗಿಸಿದ್ದೇ ಸಾಕಾಯಿತು.

ಮಳೆಗಾಲದ ತೇವದ ಗಾಳಿಯಲ್ಲಿ ಯಂತ್ರ ಹೇಗೆ ಒಣಗಿಸುತ್ತದೆ ಎಂದು ಅನೇಕರು ಕೇಳುತ್ತಾರೆ. 25 ಡಿಗ್ರಿಯಲ್ಲಿ ಶೇ. 90ರಷ್ಟು ತೇವವಿರುವ ಗಾಳಿಯನ್ನು 55 ಡಿಗ್ರಿಗೆ ಕಾಯಿಸಿದರೆ, ಅದರ ಸಾಪೇಕ್ಷ ತೇವಾಂಶ ಶೇ. 18ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಹೊರಗೆ ಜಡಿಮಳೆ ಸುರಿಯುತ್ತಿದ್ದರೂ ಒಳಗಿನ ಗಾಳಿಗೆ ನೀರನ್ನು ಹೀರುವ ಶಕ್ತಿ ಬರುತ್ತದೆ. ಆದರೆ ಆ ಗಾಳಿ ಹೊರಹೋಗಲೇಬೇಕು. ಯಂತ್ರವನ್ನು ಬಾಗಿಲು ಮುಚ್ಚಿದ ಉಗ್ರಾಣದಲ್ಲಿ ಇಟ್ಟಾಗ ಅದೇ ಹಣ್ಣಿಗೆ ಎರಡು ಗಂಟೆ ಹೆಚ್ಚು ಬೇಕಾಯಿತು. ಒಂದು ಕೆಜಿ ನೀರನ್ನು ಆವಿಯಾಗಿಸಲು ಲೆಕ್ಕದ ಪ್ರಕಾರ ಸುಮಾರು 0.65 ಯೂನಿಟ್ ಸಾಕು. ಉಳಿದ ವಿದ್ಯುತ್ತೆಲ್ಲ ಹೊರಹೋಗುವ ಗಾಳಿಯೊಂದಿಗೂ ಪೆಟ್ಟಿಗೆಯ ಮೈಯಿಂದಲೂ ಕಳೆದುಹೋಗುತ್ತದೆ. ಹಾಗಾಗಿ ಅರ್ಧ ತುಂಬಿದ ಯಂತ್ರ ಓಡಿಸುವುದು ನಷ್ಟ. ಪೆಟ್ಟಿಗೆಯಲ್ಲಿ 4 ಕೆಜಿ ಇಟ್ಟಾಗ ಖರ್ಚು ಇಮ್ಮಡಿಯಾಗಲಿಲ್ಲ, 5 ಯೂನಿಟ್ಟಿಗೆ ಮುಗಿಯಿತು.

ಸೋಲಾರ್ ಡ್ರೈಯರನ್ನು ಜುಲೈಯಲ್ಲಿ ಪರೀಕ್ಷಿಸಿದ್ದು ನನ್ನ ತಪ್ಪು. ಮೂರನೆಯ ದಿನಕ್ಕೆ ಬಾಳೆಹಣ್ಣು ಹುಳಿ ವಾಸನೆ ಹೊಡೆಯಿತು. ಆದರೆ ಅದರ ಕಾಲ ಬೇರೆ. ಮುರುಗಲು (ಕೋಕಂ) ಹಣ್ಣಾಗುವ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಅದರೊಳಗೆ 58 ಡಿಗ್ರಿವರೆಗೂ ಕಾವು ಏರುತ್ತದೆ, ಕರೆಂಟಿನ ಖರ್ಚು ಸೊನ್ನೆ, ದೂಳಿಲ್ಲ, ನೊಣವಿಲ್ಲ, ಅಂಗಳದಲ್ಲಿ ಕೋಲು ಹಿಡಿದು ಕಾಗೆ ಕಾಯುವ ಕೆಲಸವೂ ಇಲ್ಲ. ಮುರುಗಲು ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಮತ್ತೆ ಮತ್ತೆ ಒಣಗಿಸಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ. ರಾತ್ರಿ ಮಾತ್ರ ಟ್ರೇಗಳನ್ನು ಒಳಗೆ ತಂದು ಮುಚ್ಚಿಡಬೇಕು, ಇಲ್ಲವಾದರೆ ಒಣಗಿದ್ದು ಮತ್ತೆ ತೇವ ಎಳೆದುಕೊಳ್ಳುತ್ತದೆ. ಹುಳಿ ತಾಗುವ ಪದಾರ್ಥವಾದ್ದರಿಂದ ಬಲೆ ತುಕ್ಕು ಹಿಡಿಯದ ಸ್ಟೀಲಿನದೇ ಆಗಿರಲಿ.

ಸೊಪ್ಪಿನ ವಿಷಯದಲ್ಲಿ ಕಾವಿನ ಹತೋಟಿ ಮುಖ್ಯ. ಕರಿಬೇವು, ಒಂದೆಲಗಗಳಿಗೆ 40 ಡಿಗ್ರಿ ಸಾಕು. ನನ್ನ ದುಂಡು ಯಂತ್ರದಲ್ಲಿ ಸ್ವಿಚ್ ಒಂದೇ, ಕಾವು ತಗ್ಗಿಸುವ ತಿರುಗಣೆ ಇಲ್ಲ. ಅದರಲ್ಲಿ ಒಣಗಿಸಿದ ಕರಿಬೇವಿಗೆ ಹಸಿರೂ ಉಳಿಯಲಿಲ್ಲ, ಘಮವೂ ಉಳಿಯಲಿಲ್ಲ. ನಡುವೆ ತೂತಿರುವ ಅದರ ಟ್ರೇಗಳ ಮೇಲೆ ಮಾವಿನ ರಸ ಹರಡಿ ಮಾಂಬಳ ಮಾಡುವುದೂ ಕಷ್ಟ.

ದುಂಡು ಯಂತ್ರಕ್ಕೆ ನಾನು ಕೊಟ್ಟದ್ದು 4,500 ರೂಪಾಯಿ, ಪೆಟ್ಟಿಗೆಗೆ 11,000. ವರ್ಷಕ್ಕೆ ನಾಲ್ಕಾರು ಬಾರಿ ಮಜ್ಜಿಗೆ ಮೆಣಸು, ಹಾಗಲಕಾಯಿ ಹೋಳು ಒಣಗಿಸುವ ಚಿಕ್ಕ ಮನೆಗೆ ಮೊದಲನೆಯದೇ ಸಾಕು. ತೋಟವಿದ್ದು, ಮಳೆಗಾಲದಲ್ಲಿ ಬಾಳೆ, ಹಲಸು ಕೈಮೀರಿ ಬರುವ ಮನೆಯವರು ಪೆಟ್ಟಿಗೆಯನ್ನೇ ಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕೊಳ್ಳುವ ಮೊದಲು ತೆಳು ಕಾಗದದ ಪಟ್ಟಿಗಳನ್ನು ಪ್ರತಿ ಟ್ರೇಯ ನಾಲ್ಕು ಮೂಲೆಗೂ ಅಂಟಿಸಿ, ಅಂಗಡಿಯಲ್ಲೇ ಫ್ಯಾನ್ ಓಡಿಸಿ ನೋಡಿ. ಯಾವ ಮೂಲೆಯಲ್ಲಿ ಕಾಗದ ಅಲುಗುವುದಿಲ್ಲವೋ, ಅಲ್ಲಿಟ್ಟ ಹಣ್ಣು ಕೊನೆಯವರೆಗೂ ಹಸಿಯಾಗಿಯೇ ಉಳಿಯುತ್ತದೆ.