ಜಂಬಿಟ್ಟಿಗೆ ಗೋಡೆಯ ಮನೆಗೆ ಅಗ್ಗದ ರೂಟರ್: ಟಿಪಿ-ಲಿಂಕ್ ಆರ್ಚರ್ ಸಿ6

ಶಿವಮೊಗ್ಗ ಜಿಲ್ಲೆಯ ಸಾಗರದ ಸಮೀಪದ ನಮ್ಮ ಮನೆಗೆ ಫೈಬರ್ ಸಂಪರ್ಕ ಬಂದಾಗ, ಅದನ್ನು ಹಾಕಲು ಬಂದವರು ಫೈಬರ್ ಬಂದು ಸೇರುವ ಒಎನ್‌ಟಿ ಎಂಬ ಪೆಟ್ಟಿಗೆಯನ್ನು ಜಗುಲಿಯ ಕಿಟಕಿಯ ಪಕ್ಕದಲ್ಲೇ ಮೊಳೆ ಹೊಡೆದು ಕೂರಿಸಿ ಹೋದರು. ತಂತಿ ಒಳಗೆ ಬರುವ ಜಾಗ ಅದೇ ಆದ್ದರಿಂದ ಅವರಿಗೆ ಅಲ್ಲಿ ಅನುಕೂಲ. ಮನೆಯ ಗೋಡೆಗಳು ಜಂಬಿಟ್ಟಿಗೆಯವು, ಒಂದೊಂದೂ ಒಂದೂವರೆ ಅಡಿ ದಪ್ಪ. ಜಗುಲಿಗೂ ನಡುಮನೆಗೂ ನಡುವೆ ಒಂದು ಗೋಡೆ, ನಡುಮನೆಗೂ ಅಡಿಗೆಮನೆಗೂ ನಡುವೆ ಇನ್ನೊಂದು. ತಿಂಗಳಿಗೆ 150 ಎಂಬಿಪಿಎಸ್ (ಸೆಕೆಂಡಿಗೆ 150 ಮೆಗಾಬಿಟ್) ವೇಗದ ಯೋಜನೆಗೆ ಹಣ ಕಟ್ಟುತ್ತಿದ್ದರೂ ಅಡಿಗೆಮನೆಯಿಂದ ವಿಡಿಯೊ ಕರೆ ಮಾಡಿದರೆ ಎದುರಿನವರ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ತಿಂಗಳಲ್ಲಿ ಹದಿನೈದು ದಿನ ಊರಿನಿಂದಲೇ ಕಚೇರಿ ಕೆಲಸ ಮಾಡುವ ಮಗ, ಮೀಟಿಂಗ್ ಬಂದಾಗಲೆಲ್ಲ ಲ್ಯಾಪ್‌ಟಾಪ್ ಎತ್ತಿಕೊಂಡು ಜಗುಲಿಗೆ ಓಡುತ್ತಿದ್ದ. ಅಲ್ಲಿ ಅಡಿಕೆ ಸುಲಿಯುವವರ ಮಾತುಕತೆಯೂ ಮೀಟಿಂಗಿನಲ್ಲಿ ಪಾಲ್ಗೊಳ್ಳುತ್ತಿತ್ತು.

ಆ ಪೆಟ್ಟಿಗೆಯಲ್ಲಿ ವೈಫೈ ಇತ್ತು, ಆದರೆ ವೈಫೈಯ ತರಂಗ ಬ್ಯಾಂಡುಗಳಲ್ಲಿ ನಿಧಾನದ್ದಾದ 2.4 ಗಿಗಾಹರ್ಟ್ಸ್ ಮಾತ್ರ, ವೇಗದ 5 ಗಿಗಾಹರ್ಟ್ಸ್ ಇರಲಿಲ್ಲ. ಹೀಗಾಗಿ ಒಎನ್‌ಟಿಯನ್ನು ಅದರ ಜಾಗದಲ್ಲೇ ಬಿಟ್ಟು, ಅಲ್ಲಿಂದ ನಡುಮನೆಗೆ ಕೇಬಲ್ ಎಳೆದು, ಮನೆಯ ನಡುವೆ ಒಂದು ರೂಟರ್ ಇಡುವುದೆಂದು ತೀರ್ಮಾನಿಸಿದೆ. ಫೈಬರ್ ಸಂಪರ್ಕ ಇರುವವರು ಇಲ್ಲೊಂದು ವಿಷಯ ಗಮನಿಸಬೇಕು. ಗಾಜಿನ ಎಳೆಯನ್ನು ಸಾಮಾನ್ಯ ರೂಟರಿಗೆ ನೇರವಾಗಿ ಚುಚ್ಚಲು ಬರುವುದಿಲ್ಲ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಒಎನ್‌ಟಿ ಇರಲೇಬೇಕು. ಅಂಗಡಿಗಳಲ್ಲಿ ಈಗಲೂ ಸಿಗುವ ‘ಮೋಡೆಮ್ ರೂಟರ್’ ಎಂಬ ಎಡಿಎಸ್ಎಲ್ ಸಾಧನಗಳು ಹಳೆಯ ಟೆಲಿಫೋನ್ ತಂತಿಗಾಗಿ ಮಾಡಿದವು. ನಮ್ಮ ಭಾವ ಬೆಲೆ ಕಡಿಮೆಯೆಂದು ಅಂಥದೊಂದನ್ನು ತಂದು, ಸಣ್ಣ ಟೆಲಿಫೋನ್ ಜಾಕಿನ ತೂತನ್ನು ನೋಡಿ ಎರಡು ದಿನ ತಲೆ ಕೆಡಿಸಿಕೊಂಡಿದ್ದರು.

ಎರಡೂವರೆ ಸಾವಿರ ರೂಪಾಯಿ ಮೀರಬಾರದೆಂಬ ಲೆಕ್ಕದಲ್ಲಿ ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವುದು ಡಬ್ಬಿಯ ಮೇಲಿನ ದೊಡ್ಡ ಅಂಕಿ. ‘ಎಸಿ1200’ ಎಂದರೆ ಯಾವ ಫೋನಿಗೂ 1200 ಎಂಬಿಪಿಎಸ್ ಸಿಗುತ್ತದೆ ಎಂದಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ 300, 5 ಗಿಗಾಹರ್ಟ್ಸ್‌ನಲ್ಲಿ 867, ಎರಡನ್ನೂ ಕೂಡಿಸಿ, ಮೇಲಕ್ಕೆ ಸರಿಹೊಂದಿಸಿ ಬರೆದ ಸಂಖ್ಯೆ ಅದು. ಒಂದು ಫೋನ್ ಒಂದು ಹೊತ್ತಿಗೆ ಬಳಸುವುದು ಒಂದೇ ಬ್ಯಾಂಡನ್ನು. ಅದರ ನಂತರ ಕಣ್ಣಿಗೆ ಬೀಳುವುದು ಆಂಟೆನಾಗಳ ಸಂಖ್ಯೆ. ಕೊಳ್ಳುವವರು ಇವೆರಡನ್ನೂ ಬಿಟ್ಟು ನೋಡಬೇಕಾದದ್ದು ಪೆಟ್ಟಿಗೆಯ ಹಿಂಭಾಗದಲ್ಲಿ ಕೇಬಲ್ ಚುಚ್ಚುವ ಪೋರ್ಟುಗಳ ವೇಗವನ್ನು, ಎಂಬುದು ನನ್ನ ಖಚಿತ ಅಭಿಪ್ರಾಯ. ಸಿ6 ಮಾಡುವ ಟಿಪಿ-ಲಿಂಕ್ ಕಂಪನಿಯದೇ ಆದ ಆರ್ಚರ್ ಸಿ50 ಕೂಡ ಎಸಿ1200 ವರ್ಗದ್ದು, ಅದಕ್ಕೂ ನಾಲ್ಕು ಆಂಟೆನಾಗಳಿವೆ, ಬೆಲೆಯೂ ಕಡಿಮೆ. ಆದರೆ ಅದರ ಪೋರ್ಟುಗಳು 100 ಎಂಬಿಪಿಎಸ್‌ನವು. ಅದರ ವೈಫೈ ಎಷ್ಟೇ ವೇಗದ್ದಾದರೂ ಹೊರಗಿನಿಂದ ಒಳಗೆ ಬರುವ ಬಾಗಿಲೇ ಸಣ್ಣದಾದ್ದರಿಂದ, 150ರ ಯೋಜನೆಯಲ್ಲಿ ಕೈಗೆ ಸಿಗುವುದು ತೊಂಬತ್ತನಾಲ್ಕರ ಆಸುಪಾಸು ಮಾತ್ರ. ಸಿ6ರಲ್ಲಿ ಒಳಬರುವ ಒಂದು ಪೋರ್ಟ್ ಮತ್ತು ಹಂಚಿಕೊಡುವ ನಾಲ್ಕು ಪೋರ್ಟುಗಳು, ಐದೂ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್‌ನವು. ನಾನು ಅದನ್ನು ಆರಿಸಿದ್ದು ಈ ಒಂದು ಕಾರಣಕ್ಕೆ. ನಿಮ್ಮ ಯೋಜನೆ 100ರ ಒಳಗಿನದಾಗಿದ್ದು, ಮುಂದೆ ಹೆಚ್ಚಿಸುವ ಯೋಚನೆಯೂ ಇಲ್ಲದಿದ್ದರೆ ಸಿ50 ಧಾರಾಳವಾಗಿ ಸಾಕು.

ವೈಫೈ 6 ಏಕೆ ಬೇಡವೆಂದು ಮಗ ಕೇಳಿದ. ಸಿ6 ಹಿಂದಿನ ಪೀಳಿಗೆಯ ವೈಫೈ 5 ಸಾಧನ. ನೂರಾರು ಮನೆಗಳ ಸಂಕೇತಗಳು ಒಂದರ ಮೇಲೊಂದು ಬೀಳುವ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಹತ್ತಿಪ್ಪತ್ತು ಸಾಧನಗಳು ಒಟ್ಟಿಗೆ ಜೋಡಣೆಯಾಗುವಲ್ಲಿ ಹೊಸ ಪೀಳಿಗೆಯ ಲಾಭ ಗೊತ್ತಾಗುತ್ತದೆ. ನಾಲ್ಕೈದು ನೂರು ರೂಪಾಯಿಯ ವ್ಯತ್ಯಾಸಕ್ಕೆ ಸಿಕ್ಕರೆ ಅಂಥವರು ಅದನ್ನೇ ಕೊಳ್ಳಲಿ. ನಮ್ಮ ತೊಂದರೆ ದಟ್ಟಣೆಯದಲ್ಲ, ಗೋಡೆಯದು. ಜಂಬಿಟ್ಟಿಗೆಯನ್ನು ದಾಟುವ ವಿಚಾರದಲ್ಲಿ ಹೊಸ ಪೀಳಿಗೆಯ 5 ಗಿಗಾಹರ್ಟ್ಸ್ ತರಂಗವೂ ಹಳೆಯದರಷ್ಟೇ ಅಸಹಾಯಕ.

ಇನ್ನು ಕೇಬಲ್ಲಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹದಿನೈದು ಮೀಟರ್ ಕ್ಯಾಟ್5ಇ ದರ್ಜೆಯ ನೆಟ್‌ವರ್ಕ್ ಕೇಬಲ್ ತಂದು, ಮಾಡಿನ ತೊಲೆಯ ಬದಿಗೆ ಕ್ಲಿಪ್ ಹೊಡೆದು ನಡುಮನೆಗೆ ಇಳಿಸಿ, ಎರಡು ತುದಿಗೂ ಜಾಕ್ ಹಾಕಿಸಿದೆ. ರೂಟರ್ ಹಚ್ಚಿ, ಅದರ ಪಕ್ಕದಲ್ಲೇ ಕುಳಿತು ವೇಗ ಅಳೆದರೆ 93. ಮತ್ತೆ ಅಳೆದೆ, 94. ಗಿಗಾಬಿಟ್ ಪೋರ್ಟಿಗಾಗಿಯೇ ಹೆಚ್ಚು ಹಣ ಕೊಟ್ಟು ತಂದ ಸಾಧನದಲ್ಲಿ ನಾನು ತಪ್ಪಿಸಿಕೊಳ್ಳಬೇಕೆಂದಿದ್ದ ಅಂಕಿಯೇ ಕಾಣಿಸಿತು. ಕೆಲವು ಒಎನ್‌ಟಿಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್ ಆಗಿದ್ದು, ಉಳಿದವು 100ರವಾಗಿರುತ್ತವೆ. ಹಾಗಾಗಿ ಮೊದಲು ಅಲ್ಲಿ ನೋಡಿದೆ. ನಾನು ಚುಚ್ಚಿದ್ದು ಗಿಗಾಬಿಟ್ ಪೋರ್ಟಿಗೇ. ಬಳಿಕ ಕೇಬಲ್ಲಿನ ತುದಿಯನ್ನು ನೇರವಾಗಿ ಲ್ಯಾಪ್‌ಟಾಪಿಗೆ ಹಚ್ಚಿದರೆ ಅದೂ ‘ಲಿಂಕ್ ವೇಗ 100’ ಎಂದೇ ತೋರಿಸಿತು. ಅಂದರೆ ದೋಷ ರೂಟರಿನದಲ್ಲ. ಜಾಕನ್ನು ಬೆಳಕಿಗೆ ಹಿಡಿದು ನೋಡಿದಾಗ ವಿಷಯ ತಿಳಿಯಿತು. ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೆ ಎಂಟು ತಂತಿಗಳಿರಬೇಕಾದ ಕಡೆ ನಾಲ್ಕೇ ಇದ್ದವು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು. ನೀಲಿ ಮತ್ತು ಕಂದು ಜೋಡಿಗಳನ್ನು ಕವಚದ ಅಂಚಿನಲ್ಲೇ ಕತ್ತರಿಸಿ ಬಿಡಲಾಗಿತ್ತು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಆದರೆ ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಜಾಕ್ ಹಾಕಿದವರು ಹಳೆಯ ರೂಢಿಯಂತೆ ಬೇಗ ಮುಗಿಯುವ ದಾರಿ ಹಿಡಿದಿದ್ದರು. ಬೇರೆಯವರಿಂದ ಎರಡೂ ತುದಿಗೆ ಎಂಟು ತಂತಿಗಳನ್ನೂ ಸೇರಿಸಿ ಹೊಸ ಜಾಕ್ ಹಾಕಿಸಿದ ಮೇಲೆ ಅದೇ ಜಾಗದಲ್ಲಿ, ಅದೇ ಫೋನಿನಲ್ಲಿ 148 ಬಂತು. ಹೊಸ ರೂಟರ್ ತಂದೂ ವೇಗ ಏರಲಿಲ್ಲವೆಂದು ಅದನ್ನು ಹಿಂದಿರುಗಿಸುವ ಮೊದಲು ಜಾಕಿನೊಳಗಿನ ತಂತಿಗಳನ್ನು ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು.

ರೂಟರಿನ ಸಿದ್ಧತೆ ಕಷ್ಟದ್ದೇನಲ್ಲ. ಅಡಿಯ ಲೇಬಲ್ಲಿನಲ್ಲಿ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಮುದ್ರಿತವಾಗಿರುತ್ತವೆ. ಫೋನನ್ನು ಅದಕ್ಕೆ ಜೋಡಿಸಿ ಬ್ರೌಸರಿನಲ್ಲಿ 192.168.0.1 ಎಂದು ಕೊಟ್ಟರೆ, ಆಡಳಿತದ ಪಾಸ್‌ವರ್ಡನ್ನು ನೀವೇ ಹೊಸದಾಗಿ ಇಡುವಂತೆ ಕೇಳುತ್ತದೆ. ಕಂಪನಿಯ ಟೆದರ್ ಆ್ಯಪ್‌ನಲ್ಲೂ ಇದನ್ನೆಲ್ಲ ಮಾಡಬಹುದು. ಯೋಚಿಸಿ ಮಾಡಬೇಕಾದ ಆಯ್ಕೆ ಒಂದೇ: ಇದನ್ನು ರೂಟರಾಗಿಯೇ ಬಳಸುವುದೋ, ಒಎನ್‌ಟಿಯ ಜಾಲವನ್ನೇ ವೈಫೈಯಾಗಿ ಹರಡುವ ಆ್ಯಕ್ಸೆಸ್ ಪಾಯಿಂಟ್ ಆಗಿ ಬಳಸುವುದೋ ಎಂಬುದು. ಒಎನ್‌ಟಿ ತಾನೇ ರೂಟರಿನ ಕೆಲಸ ಮಾಡುತ್ತಿರುವಾಗ ಇದೂ ಅದನ್ನೇ ಮಾಡಿದರೆ ಮನೆಯೊಳಗೆ ಎರಡು ಜಾಲಗಳಾಗುತ್ತವೆ. ಸಿನಿಮಾ ನೋಡಲು, ಬ್ಯಾಂಕ್ ಕೆಲಸಕ್ಕೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ ಜಗುಲಿಯ ಜಾಲದಲ್ಲಿರುವ ಪ್ರಿಂಟರನ್ನು ನಡುಮನೆಯ ಲ್ಯಾಪ್‌ಟಾಪ್ ಪಟ್ಟಿಯಲ್ಲಿ ಕಾಣಲಾರದೆ ಹೋಗಬಹುದು, ಹೊರಗಿನಿಂದ ಕ್ಯಾಮೆರಾ ನೋಡಲು ಜಾಲದೊಳಗೆ ದಾರಿ ತೆರೆಯುವುದೂ ತೊಡಕಾಗುತ್ತದೆ. ನಾನು ಆ್ಯಕ್ಸೆಸ್ ಪಾಯಿಂಟ್ ವಿಧಾನಕ್ಕೆ ಬದಲಿಸಿದೆ. ಅದರಲ್ಲಿ ಮಕ್ಕಳ ಬಳಕೆಗೆ ಮಿತಿ ಹಾಕುವ ಸೌಲಭ್ಯ ಈ ಸಾಧನದಿಂದ ಸಿಗುವುದಿಲ್ಲ. ಅದು ಬೇಕಾದವರು ರೂಟರ್ ವಿಧಾನದಲ್ಲೇ ಉಳಿಯಬೇಕು. ಬದಲಿಸಿದ ಬಳಿಕ 192.168.0.1 ತೆರೆಯದಿದ್ದರೆ ಗಾಬರಿ ಬೇಡ. ಈಗ ಅದಕ್ಕೆ ವಿಳಾಸ ಕೊಡುವುದು ಒಎನ್‌ಟಿ, ಹೊಸ ವಿಳಾಸ ಅದರ ಪಟ್ಟಿಯಲ್ಲಿ ಸಿಗುತ್ತದೆ.

ಎರಡು ಬ್ಯಾಂಡಿಗೂ ಒಂದೇ ಹೆಸರಿಡುವ ಸ್ಮಾರ್ಟ್ ಕನೆಕ್ಟ್ ಸೌಲಭ್ಯವನ್ನು ಆಫ್ ಮಾಡಿ, ಬೇರೆ ಬೇರೆ ಹೆಸರು ಕೊಟ್ಟಿದ್ದೇನೆ. ಅಗ್ಗದ ಸ್ಮಾರ್ಟ್ ಪ್ಲಗ್ ಮತ್ತು ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ಅರ್ಥವಾಗುವುದರಿಂದ ಅವುಗಳ ಜೋಡಣೆ ಹೀಗೆ ಸುಲಭ. ಒಎನ್‌ಟಿಯ ವೈಫೈಯನ್ನು 1ನೇ ಚಾನಲಿಗೂ ಹೊಸದರ 2.4ನ್ನು 11ನೇ ಚಾನಲಿಗೂ ಇಟ್ಟೆ. ಚಾನಲ್ ಎಂದರೆ ಬ್ಯಾಂಡಿನೊಳಗಿನ ಒಂದು ಪಟ್ಟಿ. 1, 6 ಮತ್ತು 11 ಒಂದರ ಮೇಲೊಂದು ಬೀಳದ ಚಾನಲುಗಳು. ಆಂಟೆನಾಗಳನ್ನು ನೆಟ್ಟಗೆ ನಿಲ್ಲಿಸಿದರೆ ಸಂಕೇತ ಸುತ್ತಲೂ ಅಡ್ಡಕ್ಕೆ ಹರಡುತ್ತದೆ. ಮಹಡಿಯ ಮನೆಯವರು ಒಂದೆರಡನ್ನು ವಾಲಿಸಿ ನೋಡಬಹುದು.

ಫಲಿತಾಂಶ ಹೀಗಿದೆ. ನಡುಮನೆಯಲ್ಲಿ 5 ಗಿಗಾಹರ್ಟ್ಸ್ ಯೋಜನೆಯ ಪೂರ್ತಿ ವೇಗ ಕೊಡುತ್ತದೆ. ಒಂದು ಗೋಡೆಯಾಚೆಯ ಅಡಿಗೆಮನೆಯಲ್ಲಿ ಬಾಗಿಲು ತೆರೆದಿದ್ದರೆ ಅರುವತ್ತು ಎಪ್ಪತ್ತರವರೆಗೆ ಬರುತ್ತದೆ, ಮುಚ್ಚಿದರೆ ಇಳಿಯುತ್ತದೆ, ಆದರೆ ವಿಡಿಯೊ ಕರೆ ಒಡೆಯುವುದಿಲ್ಲ. ಎರಡು ಗೋಡೆ ದಾಟಿದ ಬಚ್ಚಲುಮನೆಯ ಕಡೆ 5 ಇಲ್ಲವೇ ಇಲ್ಲ, 2.4 ಮಾತ್ರ ತೆವಳುತ್ತದೆ. ಈ ಬೆಲೆಗೆ ಅದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ಆದರೆ ಯುಎಸ್‌ಬಿ ಪೋರ್ಟ್ ಇಲ್ಲದಿರುವುದು ಕೊರತೆಯೇ. ಹಾರ್ಡ್‌ಡಿಸ್ಕ್ ಹಚ್ಚಿ ಮನೆಯವರೆಲ್ಲ ಫೋಟೊ ನೋಡುವ ಆಸೆ ಇದರಲ್ಲಿ ಈಡೇರದು.

ನಮ್ಮ ಕಡೆ ಮಳೆಗಾಲದಲ್ಲಿ ರೂಟರಿಗಿಂತ ಕರೆಂಟಿನ ಚಿಂತೆ ದೊಡ್ಡದು. ಸಿ6 ನಡೆಯುವುದು 12 ವೋಲ್ಟಿನಲ್ಲಿ, ನಮ್ಮ ಒಎನ್‌ಟಿಯೂ ಅಷ್ಟರಲ್ಲೇ. ರೂಟರಿಗೆ ಮಾತ್ರ ಪುಟ್ಟ ಯುಪಿಎಸ್ ಹಾಕಿ ಒಎನ್‌ಟಿಯನ್ನು ಮರೆತರೆ, ವೈಫೈ ಹೆಸರು ಕಾಣುತ್ತಿದ್ದರೂ ಇಂಟರ್‌ನೆಟ್ ಇರುವುದಿಲ್ಲ. ಹೀಗಾಗಿ ಜಗುಲಿಗೊಂದು, ನಡುಮನೆಗೊಂದು ಇಟ್ಟಿದ್ದೇನೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಸಿಡಿಲಿಗೆ ಅಡಾಪ್ಟರಿನ ದಾರಿ ತೆರೆದೇ ಇರುತ್ತದೆ. ಗುಡುಗು ಹತ್ತಿರವಾದಾಗ ಪ್ಲಗ್ ಕಿತ್ತಿಡುವ ತಾಮ್ರದ ತಂತಿಯ ಕಾಲದ ಅಭ್ಯಾಸವನ್ನು ನಾವು ಬಿಟ್ಟಿಲ್ಲ. ಈಗ ಕೀಳಬೇಕಾದ ಪ್ಲಗ್ ಎರಡು. ಕೊಟ್ಟಿಗೆಯ ಕ್ಯಾಮೆರಾಕ್ಕೆ ಇನ್ನೂ ಸಂಕೇತ ತಲುಪಿಲ್ಲ. ಅದಕ್ಕಾಗಿ ನಡುಮನೆಯಿಂದ ಮತ್ತೊಂದು ಕೇಬಲ್ ಎಳೆಯಬೇಕಿದ್ದು, ಈ ಸಲ ಜಾಕ್ ಹಾಕುವಾಗ ಎದುರಿಗೇ ನಿಲ್ಲುತ್ತೇನೆ.