ವಿಜಿಎ, ಎಚ್‌ಡಿಎಂಐ, ವೈರ್‌ಲೆಸ್: ನಮ್ಮನೆ ಟಿವಿಗೆ ಯಾವುದು ಒಗ್ಗಿತು?

ಅಮ್ಮನ ಹತ್ತಿರ ಸುಮಾರು 60 ಯಕ್ಷಗಾನದ ಡಿವಿಡಿಗಳಿವೆ. ಪ್ಲೇಯರ್ ಮಾತ್ರ ಎರಡು ಮಳೆಗಾಲದ ಹಿಂದೆಯೇ ಕೆಟ್ಟು ಕೂತಿತು. ಅಷ್ಟನ್ನೂ ಹಾರ್ಡ್ ಡಿಸ್ಕಿಗೆ ತುಂಬಿಟ್ಟೆ. ಅಡಿಕೆ ಸುಲಿಯುವ ಕಾಲಕ್ಕೆ ಅವನ್ನು ಹಜಾರದ ದೊಡ್ಡ ಟಿವಿಯಲ್ಲಿ ನೋಡಬೇಕು ಅಂತ ಅಮ್ಮನ ಹಟ. ನಮ್ಮದು ಕೊಪ್ಪ ತಾಲ್ಲೂಕಿನ ಜಯಪುರದ ಕಡೆಯ ಹಳೇ ಹಂಚಿನ ಮನೆ. ರಾತ್ರಿ ಊಟ ಮುಗಿಸಿ ಮೆಟ್ಟುಗತ್ತಿ ಮುಂದೆ ಕೂತರೆ ಏಳುವುದು ಹನ್ನೊಂದಕ್ಕೆ. ಕೈಗೆ ಕೆಲಸ ಇದೆ, ಕಣ್ಣಿಗೂ ಏನಾದರೂ ಬೇಕು ಅಲ್ವಾ?

‘ಹಾರ್ಡ್ ಡಿಸ್ಕನ್ನು ಟಿವಿಯ ಯುಎಸ್‌ಬಿಗೇ ಚುಚ್ಚಬಹುದಲ್ಲ’ ಅಂತ ಎಲ್ಲರೂ ಕೇಳುತ್ತಾರೆ. ಮೊದಲು ಮಾಡಿದ್ದೇ ಅದು. ಡಿವಿಡಿಯೊಳಗಿನ ವೀಡಿಯೊ 1 ಜಿಬಿಯ ತುಂಡುಗಳಾಗಿ ಇರುತ್ತದೆ. ಒಂದು ತುಂಡು ಮುಗಿದ ಕೂಡಲೇ ನಮ್ಮ ಟಿವಿ ಪಟ್ಟಿಗೆ ವಾಪಸ್ ಬಂದು ನಿಲ್ಲುತ್ತಿತ್ತು. ಅರ್ಥಗಾರಿಕೆ ರಂಗೇರುವ ಹೊತ್ತಿಗೆ ಯಾರಾದರೂ ಎದ್ದು, ಅಡಿಕೆ ಚೊಗರಿನ ಕೈ ಒರೆಸಿಕೊಂಡು ರಿಮೋಟ್ ಒತ್ತಬೇಕು. ಎರಡೇ ದಿನಕ್ಕೆ ಸಾಕಾಯಿತು.

ಆಗ ನೆನಪಾಗಿದ್ದು ಅಟ್ಟದ ಮೇಲಿದ್ದ ಕಂಪ್ಯೂಟರ್. ಯಾವುದೋ ಆಫೀಸಿನಿಂದ ವಿಲೇವಾರಿಯಾದ ಪುಟ್ಟ ಡಬ್ಬ, ಒಳಗೆ ಇಂಟೆಲ್‌ನ ನಾಲ್ಕನೇ ಜನರೇಶನ್ನಿನ ಐ3 ಪ್ರೊಸೆಸರ್. ಹಿಂದೆ ಎರಡೇ ಚಿತ್ರದ ಪೋರ್ಟುಗಳು. ಒಂದು ನೀಲಿ ಬಣ್ಣದ ವಿಜಿಎ, ಇನ್ನೊಂದು ಒಂದು ಮೂಲೆ ಕತ್ತರಿಸಿದ ಹಾಗಿರುವ ಡಿಸ್‌ಪ್ಲೇಪೋರ್ಟ್. ಚಿತ್ರ, ಶಬ್ದ ಎರಡನ್ನೂ ಒಯ್ಯುವ, ಈಗಿನ ಟಿವಿಗಳಲ್ಲಿರುವ ಎಚ್‌ಡಿಎಂಐ ಇಲ್ಲವೇ ಇಲ್ಲ. ಮನೆಯಲ್ಲಿ ಟಿವಿ ಎರಡಿವೆ. ಹಜಾರದ್ದು 43 ಇಂಚಿನ 4ಕೆ, ಅದಕ್ಕೆ ವಿಜಿಎ ಇಲ್ಲ. ಒಳಕೋಣೆಯದು 32 ಇಂಚಿನ ಹಳೇ ‘ಎಚ್‌ಡಿ ರೆಡಿ’, ಅದಕ್ಕೆ ವಿಜಿಎ ಇದೆ. ಮೂರು ವಾರ ಇವುಗಳ ಮಧ್ಯೆ ನಾನು ವೈರ್ ಹಿಡಿದು ಓಡಾಡಿದೆ.

ಮೊದಲು ವಿಜಿಎ. 1987ರಲ್ಲಿ ಐಬಿಎಂ ತಂದ, 15 ಪಿನ್ನಿನ ಅನಲಾಗ್ ದಾರಿ ಇದು, ಅಂದರೆ ಚಿತ್ರ ಅಂಕಿಗಳಾಗಿ ಅಲ್ಲ, ಏರಿಳಿಯುವ ವೋಲ್ಟೇಜಾಗಿ ಹೋಗುತ್ತದೆ. ಮುದುಕ ಅಂತ ಹಗುರವಾಗಿ ನೋಡಿದ್ದೆ. ಆದರೆ 32 ಇಂಚಿನ ಟಿವಿಯಲ್ಲಿ ಚಿತ್ರ ಚೆನ್ನಾಗಿಯೇ ಬಂತು. ಆ ಪರದೆಯಲ್ಲಿ ಇರುವುದೇ 1366x768 ಚುಕ್ಕಿ. ಕಂಪ್ಯೂಟರಿನಲ್ಲೂ ಅದನ್ನೇ ಆರಿಸಿ, ಟಿವಿ ಮೆನುವಿನಲ್ಲಿ ‘ಆಟೊ ಅಡ್ಜಸ್ಟ್’ ಒತ್ತಿದರೆ ಅಕ್ಷರ ಕೂಡ ಸ್ಪಷ್ಟ. ತಾಪತ್ರಯ ಶಬ್ದದ್ದು. ವಿಜಿಎ ಶಬ್ದ ಒಯ್ಯುವುದಿಲ್ಲ, ಅದಕ್ಕೆ ಹೆಡ್‌ಫೋನ್ ತೂತಿನಿಂದ ಬೇರೆ ವೈರ್ ಎಳೆಯಬೇಕು. ಎಳೆದೆ. ಭಾಗವತರ ಪದದ ಹಿಂದೆ ಜೇನುಗೂಡು ಇಟ್ಟ ಹಾಗೆ ‘ಗುಂಯ್’ ಅಂತ ಒಂದೇ ಸಮನೆ ಸದ್ದು. ಟಿವಿ ಒಂದು ಗೋಡೆಯ ಪ್ಲಗ್ಗಿನಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ ಇತ್ತು. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದ ಮೇಲೆ ಜೇನು ಹಾರಿಹೋಯಿತು.

ಇನ್ನು ಹಜಾರದ ಟಿವಿ. ಪೇಟೆಯ ಒಂದು ಅಂಗಡಿಯಲ್ಲಿ ‘ವಿಜಿಎಯಿಂದ ಎಚ್‌ಡಿಎಂಐ’ ಅಂತ ಕೇಳಿದೆ. ಕೊಟ್ಟಿದ್ದು ಅದರ ಉಲ್ಟಾ. ಹೊಸ ಲ್ಯಾಪ್‌ಟಾಪನ್ನು ಹಳೇ ಪ್ರೊಜೆಕ್ಟರಿಗೆ ಸೇರಿಸುತ್ತಾರಲ್ಲ, ಆ ತುಂಡು. ನೋಡಲು ಎರಡೂ ಒಂದೇ ಥರ. ನೀರಿನ ಪೈಪಿನ ಹಾಗೆ ಎತ್ತ ಬೇಕಾದರೂ ತಿರುಗಿಸಬಹುದು ಅಂದುಕೊಂಡಿದ್ದೆ, ಆಗುವುದಿಲ್ಲ. ಇವೆಲ್ಲ ಒಂದೇ ದಿಕ್ಕಿನವು, ಅಂಗಡಿಯಲ್ಲೇ ಬಾಣದ ಗುರುತು ನೋಡಿಕೊಳ್ಳಿ. ವಾಪಸ್ ಕೊಟ್ಟು ಸರಿಯಾದ್ದನ್ನು ತಂದೆ. ಅದಕ್ಕೆ ಯುಎಸ್‌ಬಿಯಿಂದ ಕರೆಂಟ್ ಬೇಕು, ಶಬ್ದಕ್ಕೆ ಅದರಲ್ಲೇ ಒಂದು ತೂತಿದೆ. ಚಿತ್ರ ಬಂತು, ಆದರೆ ಅಂಚೆಲ್ಲ ಮಂಜು ಕವಿದ ಹಾಗೆ. ಡಿಜಿಟಲ್ಲನ್ನು ಅನಲಾಗ್ ಮಾಡಿ, ಮತ್ತೆ ಡಿಜಿಟಲ್ ಮಾಡಿದರೆ ಇನ್ನೇನಾಗುತ್ತದೆ? ಬೇರೆ ದಾರಿಯೇ ಇಲ್ಲದವರಿಗೆ ಮಾತ್ರ ಇದು.

ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹಾಕುವ ತುಂಡು 500 ರೂಪಾಯಿ ಒಳಗೇ ಸಿಕ್ಕಿತು. ಮೊದಲೇ ಇದನ್ನು ಕೊಂಡಿದ್ದರೆ ಎರಡು ಸಲದ ಬಸ್ ಚಾರ್ಜ್ ಉಳಿಯುತ್ತಿತ್ತು. ಚಿತ್ರ, ಶಬ್ದ ಎರಡೂ ಒಂದೇ ವೈರಿನಲ್ಲಿ. ಡಬ್ಬದ ಮೇಲೆ ‘4ಕೆ’ ಅಂತ ದೊಡ್ಡದಾಗಿ ಬರೆದಿತ್ತು. ಅದು ಸುಳ್ಳಲ್ಲ, ಆದರೆ ಚಿತ್ರ ಬದಲಾಗುವುದು ಸೆಕೆಂಡಿಗೆ 30 ಸಲ ಮಾತ್ರ. ಹಾಗಿಟ್ಟರೆ ಮೌಸಿನ ಬಾಣ ಕೆಸರಲ್ಲಿ ನಡೆದ ಹಾಗೆ ತಡವರಿಸುತ್ತದೆ. 60 ಸಲದ ತುಂಡೂ ಸಿಗುತ್ತದೆ, ಬೆಲೆ ಜಾಸ್ತಿ. ನಾನು ಸುಮ್ನೆ 4ಕೆ ಬಿಟ್ಟು 1080ಕ್ಕೆ, ಅಂದರೆ ಫುಲ್ ಎಚ್‌ಡಿಗೆ ಇಳಿಸಿದೆ. ಈ ಹಳೇ ಐ3ಗೆ ಈಗಿನ ಎಚ್‌ಇವಿಸಿ ಪದ್ಧತಿಯಲ್ಲಿ ಕುಗ್ಗಿಸಿದ ವೀಡಿಯೊ ಬಿಡಿಸುವ ಪ್ರತ್ಯೇಕ ಭಾಗವೇ ಇಲ್ಲ. 4ಕೆ ಪರದೆ ಕೊಟ್ಟರೂ ಆ ಫೈಲುಗಳನ್ನು ಎಳೆಯಲಾರದು.

ಆದರೂ ಮೊದಲ ದಿನ ನಿರಾಸೆಯೇ ಆಯಿತು. ಚಿತ್ರದ ನಾಲ್ಕೂ ಅಂಚು ಕತ್ತರಿಸಿ ಹೋಗಿತ್ತು. ಮೂಲೆಯ ಗಡಿಯಾರ ಕಾಣದು, ಅಕ್ಷರದ ಸುತ್ತ ಬಿಳೀ ಅಂಚು. ವೈರ್ ಕಳಪೆ ಅಂತ ಬೈದುಕೊಂಡೆ. ತಪ್ಪು ಟಿವಿಯ ಸೆಟ್ಟಿಂಗಿನದು. ಹಳೇ ಕಾಲದ ಅಭ್ಯಾಸದಂತೆ ಟಿವಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ನುಂಗುತ್ತದೆ. ಇದನ್ನು ನಿಲ್ಲಿಸುವ ಗುಂಡಿಗೆ ಎಲ್‌ಜಿಯವರು ‘ಜಸ್ಟ್ ಸ್ಕ್ಯಾನ್’ ಅನ್ನುತ್ತಾರೆ, ಸೋನಿಯವರು ‘ಫುಲ್ ಪಿಕ್ಸೆಲ್’, ಸ್ಯಾಮ್‌ಸಂಗ್‌ನವರು ‘ಸ್ಕ್ರೀನ್ ಫಿಟ್’. ಜೊತೆಗೆ ಆ ಎಚ್‌ಡಿಎಂಐ ಪೋರ್ಟಿನ ಹೆಸರನ್ನು ‘ಪಿಸಿ’ ಅಂತ ಬದಲಿಸಿದೆ. ಶಾರ್ಪ್‌ನೆಸ್ ಪೂರ್ತಿ ಕೆಳಗಿಳಿಸಿದೆ. ಅದೇ ವೈರ್, ಅದೇ ಟಿವಿ, ಚಿತ್ರ ಮಾತ್ರ ತೊಳೆದಿಟ್ಟ ಹಾಗೆ. ದುಬಾರಿ ವೈರ್ ಹುಡುಕುವ ಮೊದಲು ರಿಮೋಟ್ ಹಿಡಿದು ಅರ್ಧ ಗಂಟೆ ಕೂರಿ.

ಇಷ್ಟಾದರೂ ಒಂದು ಕಿರಿಕಿರಿ ಉಳಿದಿತ್ತು. ವೇಷಧಾರಿ ಗಿರಕಿ ಹೊಡೆಯುವಾಗ ಚಿತ್ರ ತಡೆತಡೆದು ಓಡುತ್ತಿತ್ತು. ಅಂಚುಗಳಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ. ಇದನ್ನು ಬಿಡಿಸಿಕೊಳ್ಳಲು ನನಗೆ ಎರಡು ರಾತ್ರಿ ಬೇಕಾಯಿತು. ಲೆಕ್ಕ ಸುಲಭ. ನಮ್ಮ ಕಡೆಯ ಡಿವಿಡಿಗಳು ಪಾಲ್ ಅನ್ನುವ ಟಿವಿ ಪದ್ಧತಿಯವು. ಸೆಕೆಂಡಿಗೆ 25 ಚಿತ್ರ. ಕಂಪ್ಯೂಟರ್ ಟಿವಿಗೆ ಕಳಿಸುವುದು ಸೆಕೆಂಡಿಗೆ 60. ಭಾಗಿಸಿದರೆ 2.4. ಹಾಗಾಗಿ ಒಂದು ಚಿತ್ರ ಎರಡು ಸಲ ಬರುತ್ತದೆ, ಇನ್ನೊಂದು ಮೂರು ಸಲ. ಕುಂಟುವುದು ಅಲ್ಲೇ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60ರ ಬದಲು 50 ಹರ್ಟ್ಜ್ ಆರಿಸಿದೆ. ಬಾಚಣಿಗೆ ಹಲ್ಲು ಬಂದದ್ದು ಒಂದೊಂದು ಚಿತ್ರವನ್ನೂ ಸಮ ಗೆರೆ, ಬೆಸ ಗೆರೆ ಅಂತ ಎರಡು ಅರ್ಧ ಮಾಡಿ ಇಟ್ಟಿದ್ದರಿಂದ. ವಿಎಲ್‌ಸಿ ಅನ್ನುವ ವೀಡಿಯೊ ಪ್ಲೇಯರಿನಲ್ಲಿ ಈ ಗೆರೆ ಹೋಗಿಸುವ ಡಿಇಂಟರ್ಲೇಸ್ ಹಾಕಿ ‘ಯಾಡಿಫ್ 2ಎಕ್ಸ್’ ಆರಿಸಿದರೆ ಆ ಐವತ್ತು ಅರ್ಧಗಳೂ ಐವತ್ತು ಪೂರ್ತಿ ಚಿತ್ರಗಳಾಗುತ್ತವೆ. ಟಿವಿಯೂ ಐವತ್ತು, ವೀಡಿಯೊವೂ ಐವತ್ತು. ಆ ರಾತ್ರಿ ಗಿರಕಿ ಎಣ್ಣೆಯಂತೆ ಜಾರಿತು. ಅಮ್ಮ ಸುಲಿಯುವುದನ್ನು ನಿಲ್ಲಿಸಿ ನೋಡಿದರು. ನನಗೆ ಅದೇ ಸರ್ಟಿಫಿಕೇಟು. ಒಳಕೋಣೆಯ ಟಿವಿ ವಿಜಿಎಯಲ್ಲಿ 60 ಬಿಟ್ಟು ಬೇರೆ ಒಪ್ಪಲಿಲ್ಲ. ಎಚ್‌ಡಿಎಂಐ ನಿಜವಾಗಿ ಗೆದ್ದದ್ದು ಇಲ್ಲಿ.

ವೈರ್‌ಲೆಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಗಳ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಮತ್ತು ಕೆ ಒತ್ತಿದರೆ ಟಿವಿ ಹೆಸರು ಬರುತ್ತದೆ, ಮಿರಾಕಾಸ್ಟ್ ಅನ್ನುವ ವೈರಿಲ್ಲದ ದಾರಿಯಲ್ಲಿ ಚಿತ್ರವೂ ಬರುತ್ತದೆ. ಫೋಟೋ ತೋರಿಸಲು ಸಾಕು. ಮೂರು ಗಂಟೆಯ ಪ್ರಸಂಗಕ್ಕೆ ಆಗದು. ಲ್ಯಾಪ್‌ಟಾಪ್ ಕೋಣೆಯಲ್ಲಿಟ್ಟರೆ ನಮ್ಮ ದಪ್ಪ ಮಣ್ಣಿನ ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸುಸ್ತು, ಚಿತ್ರ ನಿಂತು ನಿಂತು ಬರುತ್ತಿತ್ತು.

ಟಿವಿಗೆ ಚುಚ್ಚಿ ಇಂಟರ್‌ನೆಟ್ ವೀಡಿಯೊ ನೋಡುವ ಟಿವಿ ಸ್ಟಿಕ್ಕನ್ನೂ ತಂಗಿಯ ಮನೆಯಿಂದ ತಂದು ನೋಡಿದೆ. ಯೂಟ್ಯೂಬಿಗೆ ಅದೇ ಚೆಂದ. ಪುಟ್ಟ ರಿಮೋಟ್, ಸದ್ದಿಲ್ಲ, ಅಮ್ಮನೇ ನಡೆಸಬಲ್ಲರು. ಕಂಪ್ಯೂಟರಿಗೆ ಕೀಬೋರ್ಡ್ ಬೇಕೇ ಬೇಕು, ಟಿವಿ ರಿಮೋಟಿನ ಮಾತು ಅದು ಕೇಳುವುದಿಲ್ಲ. ಆದರೆ ಸ್ಟಿಕ್ ತಾನಾಗಿ 60ಕ್ಕೇ ನಿಂತಿತ್ತು, ಗಿರಕಿ ಮತ್ತೆ ಕುಂಟಿತು. ಡಿವಿಡಿ ಕಂತೆ ಇಲ್ಲದ ಮನೆಯವರು ಮಾತ್ರ ಕಣ್ಣು ಮುಚ್ಚಿ ಸ್ಟಿಕ್ಕನ್ನೇ ಕೊಳ್ಳಿ.

ಫ್ಯಾನಿನ ಸದ್ದು ಬೇಡ ಅಂತ ಕಂಪ್ಯೂಟರನ್ನು ಒಳಗಿಟ್ಟು, ಅಟ್ಟದ ಮೇಲಿಂದ 15 ಮೀಟರ್ ಎಚ್‌ಡಿಎಂಐ ವೈರ್ ಎಳೆದದ್ದು ಬರೀ ದಂಡ. ಆಗಾಗ ಪರದೆ ಕಪ್ಪಾಗುತ್ತಿತ್ತು. ಸಾದಾ ತಾಮ್ರದ ವೈರಿಗೆ ಅಷ್ಟು ದೂರ ಕಷ್ಟ. ಈಗ 3 ಮೀಟರ್ ವೈರ್, ಡಬ್ಬ ಟಿವಿ ಪಕ್ಕದಲ್ಲೇ ಇದೆ.

ಮಲೆನಾಡಿನವರಿಗೆ ಒಂದು ಮಾತು. ಹಳೇ ಮನೆಯ ಎರಡು ಪಿನ್ನಿನ ಸಾಕೆಟ್ಟಿಗೆ ಕಂಪ್ಯೂಟರ್ ಹಾಕಿ ಅದರ ತಗಡು ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸ್ವಲ್ಪ ಕರೆಂಟ್ ತಗಡಿಗೆ ಬರುತ್ತದೆ. ಅರ್ತ್ ಇಲ್ಲದಿದ್ದರೆ ಅದು ಹೋಗಲು ಜಾಗವಿಲ್ಲ. ಅದೇ ಹೊತ್ತಿಗೆ ಎಚ್‌ಡಿಎಂಐ ಚುಚ್ಚಿದರೆ ಪೋರ್ಟಿನ ಚಿಪ್ ಸುಡಬಹುದು. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ತ್ ಇರಲಿ. ವೈರ್ ಚುಚ್ಚುವಾಗ ಎರಡೂ ಕಡೆಯ ಪ್ಲಗ್ ತೆಗೆಯಿರಿ. ಏಪ್ರಿಲ್–ಮೇ ಗುಡುಗಿಗೆ ಪ್ಲಗ್ ತೆಗೆದರಷ್ಟೇ ಸಾಲದು, ಡಿಶ್ಶಿನ ವೈರೂ ತೆಗೆಯಬೇಕು. ನಾನು ಮರೆತ ಒಂದು ಸಂಜೆ ಹಜಾರದ ಟಿವಿಯ ಒಂದು ಎಚ್‌ಡಿಎಂಐ ಪೋರ್ಟ್ ಹೋಯಿತು. ಪುಣ್ಯಕ್ಕೆ ಇನ್ನೂ ಎರಡಿದ್ದವು.

ಈ ಸಲ ಸುಲಿಯುವವರು ಜಾಸ್ತಿ ಆದರು, ಹಜಾರ ಸಾಲಲಿಲ್ಲ. ಹಾಗಾಗಿ 32 ಇಂಚಿನ ಟಿವಿ ಅಂಗಳದ ಚಪ್ಪರಕ್ಕೆ ಹೋಯಿತು, ಕಂಪ್ಯೂಟರ್ ಹಿಂದೆಯೇ ಹೋಯಿತು, ವೈರ್ ಮತ್ತೆ ವಿಜಿಎ. ಅಲ್ಲಿ ಮಕ್ಕಳು ವೈರ್ ತುಳಿಯುತ್ತಾರೆ, ಬುಟ್ಟಿ ತಗುಲುತ್ತದೆ. ಎಚ್‌ಡಿಎಂಐ ಆಗಿದ್ದರೆ ಹತ್ತು ಸಲ ಕಳಚುತ್ತಿತ್ತು. ವಿಜಿಎಗೆ ಎರಡು ಸ್ಕ್ರೂ ಇವೆ, ಬಿಗಿದರೆ ಮುಗಿಯಿತು. ಗಿರಕಿ ಸ್ವಲ್ಪ ಕುಂಟುತ್ತದೆ, ಚಪ್ಪರದಲ್ಲಿ ಯಾರೂ ಅದನ್ನು ಕೇಳಲಿಲ್ಲ. ಅವರು ಕೇಳಿದ್ದು ಶಬ್ದ ಜೋರು ಮಾಡಿ ಅಂತ. ಕಂಪ್ಯೂಟರಿಗೆ ಬ್ಲೂಟೂತ್ ತುಂಡು ಹಾಕಿ ಸ್ಪೀಕರ್ ಸೇರಿಸಿದೆ. ಹೆಜ್ಜೆ ಬಿದ್ದು ಅರೆಗಳಿಗೆಯ ಮೇಲೆ ಚಂಡೆ ಪೆಟ್ಟು ಕೇಳತೊಡಗಿತು. ‘ಅವನು ಬಾಯಿ ಮುಚ್ಚಿದ ಮೇಲೆ ಮಾತು ಬರ್ತಿದೆಯಲ್ಲೋ’ ಅಂದರು ಅಮ್ಮ. ವಿಎಲ್‌ಸಿಯಲ್ಲಿ ಜೆ, ಕೆ ಕೀಗಳು ಶಬ್ದವನ್ನು 50 ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಸುತ್ತವೆ. ಜೆ ಒತ್ತುತ್ತಾ ಹೋದೆ. ನಾಲ್ಕನೇ ಸಲಕ್ಕೆ ಅಮ್ಮ ‘ಹಾಂ, ಸಾಕು, ಕೂತ್ಕೋ’ ಅಂತ ನನ್ನ ಕಡೆಗೂ ಒಂದು ಮೆಟ್ಟುಗತ್ತಿ ಸರಿಸಿದರು.